ಮಳೆಗಾಲಕ್ಕೆ ಮುನ್ನ ಕೊಳಚೆ ನೀರಿನ ಘಟಕ ಸಜ್ಜು ಮಾಡುವುದು ಹೇಗೆ?

ಶಿರಸಿ ಸುತ್ತಿನ ಹಲವು ಹಳ್ಳಗಳ ನೀರು ಅಘನಾಶಿನಿ ಸೇರಿ, ಘಟ್ಟ ಇಳಿದು, ಕುಮಟಾ ಬಳಿಯ ಅಳಿವೆ ತಲುಪುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ (ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಅಳಿವೆ ಇದು. ಅಲ್ಲಿನ ಚಿಪ್ಪಿಕಲ್ಲು ನೀರು ಸೋಸಿಯೇ ಬದುಕುವುದರಿಂದ ನೀರಿನ ರೋಗಾಣು ಅದರ ಮೈಯಲ್ಲಿ ಶೇಖರವಾಗುತ್ತದೆ. ಬಡಾವಣೆಯ ಎಸ್‌ಟಿಪಿ (ಕೊಳಚೆ ನೀರು ಶುದ್ಧಿ ಮಾಡುವ ಘಟಕ) ಕೆಟ್ಟರೆ ತೊಂದರೆ ಊಟದ ತಟ್ಟೆಯವರೆಗೂ ಬರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಘಟಕಗಳು ಹೆಚ್ಚಾಗಿ ಕೈಕೊಡುವುದು ಮಳೆ ಮತ್ತು ಕರೆಂಟಿನಿಂದ. ಹಾಗಾಗಿ ತಯಾರಿ ಮೇ ತಿಂಗಳಲ್ಲೇ ಮುಗಿಯಬೇಕು.

ಮೊದಲು ಮಳೆನೀರು ಬೇರೆ ಮಾಡಿ

ನೂರು ಮನೆ, 500 ಜನ ಎಂದುಕೊಳ್ಳಿ. ತಲೆಗೆ 135 ಲೀಟರ್ ಬಳಕೆ, ಅದರಲ್ಲಿ ಶೇ 80 ಕೊಳಚೆ. ದಿನಕ್ಕೆ 54 ಸಾವಿರ ಲೀಟರ್. ಈಗ 100 ಚದರ ಮೀಟರಿನ ಒಂದು ಚಾವಣಿ ನೋಡಿ: 100 ಮಿ.ಮೀ. ಮಳೆಗೆ ಅದರಿಂದ 10 ಸಾವಿರ ಲೀಟರ್ ಇಳಿಯುತ್ತದೆ. ಆರು ಮನೆಯವರು ಚಾವಣಿ ಪೈಪನ್ನು ಒಳಚರಂಡಿಗೆ ಜೋಡಿಸಿದರೆ ಸಾಕು, ಇಡೀ ಬಡಾವಣೆಯ ಕೊಳಚೆಗಿಂತ ಹೆಚ್ಚು ನೀರು ಘಟಕಕ್ಕೆ ನುಗ್ಗುತ್ತದೆ. ಆರಿದ್ರಾ ಮಳೆಯಲ್ಲಿ ಅಷ್ಟು ಸುರಿಯುವುದು ಅಪರೂಪವೇನಲ್ಲ.

ಪ್ರತಿ ಮನೆಯ ಚಾವಣಿ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಸುರಿದು ಕೆಳಗಿನ ಒಳಚರಂಡಿ ಚೇಂಬರ್ ತೆರೆದು ನೋಡಿ. ಬಣ್ಣ ಕಂಡರೆ ಆ ಜೋಡಣೆ ಕತ್ತರಿಸಿ ರಸ್ತೆ ಚರಂಡಿಗೆ ತಿರುಗಿಸಿ. ತಗ್ಗಿನಲ್ಲಿರುವ ಚೇಂಬರುಗಳ ಬಾಯನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ ಮುಚ್ಚಳದ ಸಂದಿಗೆ ಸಿಮೆಂಟ್ ಮೆತ್ತಿ. ಜಾಲರಿಯ ಕಸ ದಿನಕ್ಕೆರಡು ಸಲ, ಎಣ್ಣೆ ತೊಟ್ಟಿಯ ಕೆನೆ ವಾರಕ್ಕೊಮ್ಮೆ ತೆಗೆಯಬೇಕು.

ಗಾಳಿ ತೊಟ್ಟಿಯ ಆರೋಗ್ಯ

ಕೊಳೆ ತಿನ್ನುವ ಬ್ಯಾಕ್ಟೀರಿಯಾ ಇರುವುದು ಗಾಳಿ ಊದುವ ಈ ತೊಟ್ಟಿಯಲ್ಲೇ. ನೀರು 18ರಿಂದ 24 ಗಂಟೆ ನಿಲ್ಲಬೇಕು. ಕರಗಿದ ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ.ಗಿಂತ ಕೆಳಗೆ ಇಳಿಯಬಾರದು. ಮಣ್ಣಿನ ವಾಸನೆ, ಕಂದು ಬಣ್ಣ ಇದ್ದರೆ ಸರಿ. ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲುತ್ತಿಲ್ಲ: ಬ್ಲೋವರ್ (ಗಾಳಿ ಊದುವ ಯಂತ್ರ) ಫಿಲ್ಟರ್ ತೊಳೆಯಿರಿ, ಗುಳ್ಳೆ ಏಳದ ಜಾಗದ ಡಿಫ್ಯೂಸರ್ (ಗಾಳಿಯನ್ನು ಗುಳ್ಳೆಯಾಗಿ ಬಿಡುವ ಸಾಧನ) ಬದಲಿಸಿ.

ದಿನವೂ ಒಂದು ಪರೀಕ್ಷೆ ಮಾಡಲೇಬೇಕು. ಒಂದು ಲೀಟರಿನ ಅಳತೆ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ 30 ನಿಮಿಷ ಅಲ್ಲಾಡಿಸದೆ ಇಡಿ. ಗಸಿ 250ರಿಂದ 400 ಮಿ.ಲೀ. ಗೆರೆಯ ನಡುವೆ ಕೂತು, ಮೇಲೆ ತಿಳಿನೀರು ನಿಂತರೆ ಘಟಕ ಸುಸ್ಥಿತಿಯಲ್ಲಿದೆ. 600 ದಾಟಿದರೆ ಗಸಿ ಹೆಚ್ಚಾಗಿದೆ ಅಥವಾ ಹಗುರವಾಗಿ ಉಬ್ಬಿದೆ. ಹೆಚ್ಚಾದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೊರಹಾಕಿ. 150ಕ್ಕಿಂತ ಕಡಿಮೆ ಬಂದರೆ ಮಳೆನೀರು ಬ್ಯಾಕ್ಟೀರಿಯಾವನ್ನೇ ತೊಳೆದುಕೊಂಡು ಹಳ್ಳಕ್ಕೆ ಒಯ್ದಿದೆ ಎಂದೇ ಲೆಕ್ಕ. ಆಗ ಗಸಿ ಹೊರಹಾಕುವುದನ್ನು ನಿಲ್ಲಿಸಿ, ಸೆಟ್ಲಿಂಗ್ ತೊಟ್ಟಿಯ (ಗಸಿ ತಳಕ್ಕೆ ಕೂರುವ ತೊಟ್ಟಿ) ತಳದಿಂದ ಪೂರ್ತಿ ಗಸಿಯನ್ನು ಗಾಳಿ ತೊಟ್ಟಿಗೆ ವಾಪಸು ಪಂಪ್ ಮಾಡಿ. ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ವಾರಗಳೇ ಬೇಕು.

ಮರ ಬಿದ್ದು ಕರೆಂಟ್ ಹೋದರೆ ಬ್ಲೋವರಿಗೆ ಜನರೇಟರ್ ಇರಲೇಬೇಕು. ಹಲವು ಗಂಟೆ ಗಾಳಿ ತಪ್ಪಿದ್ದರೆ, ಕರೆಂಟ್ ಬಂದ ತಕ್ಷಣ ಕೊಳಚೆ ಪಂಪ್ ಹಾಕಬೇಡಿ. ಮೊದಲು ಒಂದು ಗಂಟೆ ಬ್ಲೋವರ್, ಆಮೇಲೆ ಪಂಪ್.

ಬ್ಲೀಚಿಂಗ್ ಮತ್ತು ಗಸಿ

ಹೊರಬಿಡುವ ನೀರಿನ ರೋಗಾಣು ಕೊಲ್ಲಲು ಲೀಟರಿಗೆ 5 ಮಿ.ಗ್ರಾಂ. ಕ್ಲೋರಿನ್ ಹಾಕುವುದಾದರೆ 54 ಸಾವಿರ ಲೀಟರಿಗೆ ಶೇ 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ ಸುಮಾರು 900 ಗ್ರಾಂ. ಬೆರೆಸಿದ ಮೇಲೆ 30 ನಿಮಿಷ ನಿಲ್ಲಬೇಕು. ಬಾಯಿ ತೆರೆದ ಚೀಲದ ಪುಡಿ ನಮ್ಮ ಶೀತಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಾಗೆಂದು ಅಂದಾಜಿಗೆ ಸುರಿದರೆ ಹಳ್ಳದ ಮೀನು ಸಾಯುತ್ತದೆ. ಮುಚ್ಚಳ ಭದ್ರವಾದ ಡ್ರಮ್ಮಿನಲ್ಲಿಡಿ.

ಗಸಿ ಒಣಗಿಸುವ ಮರಳು ಹಾಸಿಗೆಗೆ ಪಾರದರ್ಶಕ ಶೀಟಿನ ಮಾಡು ಬೇಕು, ಇಲ್ಲದಿದ್ದರೆ ಸೆಪ್ಟೆಂಬರ್‌ವರೆಗೂ ಒಣಗುವ ಮಾತಿಲ್ಲ. ಒಣಗಿದ್ದನ್ನು ಹಸಿಯಾಗಿ ತಿನ್ನುವ ತರಕಾರಿಗೆ ಹಾಕಬೇಡಿ.

ಹೊರಬಿಡುವ ನೀರಿನ ಬಿಒಡಿ (ಉಳಿದ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿ.ಗ್ರಾಂ. ಮೀರಬಾರದೆಂದು 2017ರ ಕೇಂದ್ರ ಅಧಿಸೂಚನೆ ಹೇಳುತ್ತದೆ (ಮಹಾನಗರಗಳಿಗೆ 20). ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಇನ್ನೂ ಬಿಗಿ ಮಿತಿ ಇದ್ದರೆ ಅದೇ ಅಂತಿಮ.

ಕಾರವಾರ, ಅಂಕೋಲಾದ ಕಡಲಂಚಿನವರಿಗೆ ಒಂದು ಕೆಲಸ ಹೆಚ್ಚು. ಭರತದ ಹೊತ್ತಿಗೆ ಉಪ್ಪುನೀರು ಹೊರಪೈಪಿನಿಂದಲೇ ಹಿಮ್ಮುಖವಾಗಿ ಏರಿ ಬಂದರೆ ಬ್ಯಾಕ್ಟೀರಿಯಾಕ್ಕೆ ಪೆಟ್ಟು. ಪೈಪಿನ ತುದಿಗೆ ಹೊರಮುಖವಾಗಿ ಮಾತ್ರ ತೆರೆಯುವ ಫ್ಲ್ಯಾಪ್ ವಾಲ್ವ್ ಹಾಕಿ, ಅದರ ಸಂದಿಯಲ್ಲಿ ಸಿಕ್ಕ ಕಸವನ್ನು ಇಳಿತದಲ್ಲಿ ತೆಗೆಯುತ್ತಿರಿ.