ಶನಿಯ ಚಂದ್ರನಲ್ಲಿ ಕುಕ್ಕರ್ ಕೂಗಿದ್ದು

ಕಣ್ಣಿಗೆ ಕಾಣದ ನಾಟಕದಲ್ಲಿ ಮನುಷ್ಯನೂ ಭ್ರಮೆಯೂ ಬರೀ ದನಿಗಳು. ಯಾರು ನಿಜ, ಯಾರು ಸುಳ್ಳು ಎಂದು ಕೇಳುಗ ತಾನೇ ಪತ್ತೆ ಹಚ್ಚಬೇಕು. ಬಾಹ್ಯಾಕಾಶ ಯಾತ್ರಿಗಳಲ್ಲಿ ಅನ್ಯಲೋಕದ ಬುದ್ಧಿಯೊಂದು ಭ್ರಮೆ ಹುಟ್ಟಿಸುವ ಕಥೆಯನ್ನು ನಾನು ಬಾನುಲಿ ನಾಟಕವಾಗಿ ಬರೆದದ್ದು ಈ ಅನುಕೂಲಕ್ಕಾಗಿಯೇ. ಸಮುದಾಯ ಬಾನುಲಿಯೊಂದರಲ್ಲಿ ಪ್ರಸಾರವಾದ ಆ ನಾಟಕಕ್ಕೆ ಮೈಸೂರಿನ ನಮ್ಮ ಹವ್ಯಾಸಿ ತಂಡದ ಒಂದು ಮೈಕು, ಗೋಡೆಗೆ ತೂಗುಹಾಕಲು ಕಂಬಳಿಗಳು, ಒಬ್ಬ ಮೃದಂಗ ವಾದಕರು ಸಾಕಾದರು. ಕಥೆಯ ತರ್ಕ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ತೊಡಕು ಏನೆಂದರೆ, ಭ್ರಮೆಗೊಳ್ಳಲು ಮನುಷ್ಯನಿಗೆ ಅನ್ಯಲೋಕದವರ ನೆರವು ಬೇಕಿಲ್ಲ. 1916ರಲ್ಲಿ ಧ್ರುವಪ್ರದೇಶದ ಅನ್ವೇಷಕ ಅರ್ನೆಸ್ಟ್ ಶಾಕಲ್ಟನ್ ಇಬ್ಬರು ಸಂಗಡಿಗರೊಂದಿಗೆ ದಕ್ಷಿಣ ಜಾರ್ಜಿಯಾ ದ್ವೀಪದ ಹಿಮಬೆಟ್ಟಗಳನ್ನು ದಾಟುವಾಗ, ತಮ್ಮ ಜೊತೆ ನಾಲ್ಕನೆಯವನೊಬ್ಬ ನಡೆದು ಬರುತ್ತಿದ್ದಾನೆ ಎಂದು ಆತನಿಗೆ ಅನ್ನಿಸುತ್ತಿತ್ತು. ಹಸಿವು, ಚಳಿ, ನಿದ್ರೆಗೇಡು ಸೇರಿದರೆ ಮಿದುಳು ಜೊತೆಗಾರನನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಅಪೊಲೊ ಯಾತ್ರಿಗಳಿಗೆ ಕಣ್ಣು ಮುಚ್ಚಿದ್ದಾಗಲೂ ಬೆಳಕಿನ ಮಿಂಚು ಕಾಣುತ್ತಿತ್ತು. ಅದು ಕಣ್ಣಿನೊಳಗೆ ಹಾದುಹೋಗುವ ವಿಶ್ವಕಿರಣದ ಕಣಗಳ ಕೆಲಸ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಅವರಿಗೆ ಯಾರೋ ಹೊರಗಿನಿಂದ ನೌಕೆಯನ್ನು ತಟ್ಟುತ್ತಿರುವಂತೆ ಕೇಳಿಸಿತು. ಒತ್ತಡದ ಏರುಪೇರಿಗೆ ನೌಕೆಯ ಗೋಡೆ ಸ್ವಲ್ಪವೇ ಸ್ವಲ್ಪ ಬಾಗುವುದರಿಂದ ಆ ಸದ್ದು ಬಂದಿತೆಂಬ ವಿವರಣೆ ಆಮೇಲೆ ಸಿಕ್ಕಿತು.

ಇಷ್ಟೆಲ್ಲ ಗೊತ್ತಿರುವ ಸಿಬ್ಬಂದಿ, ಹಜಾರದಲ್ಲಿ ಯಾರೋ ನಿಂತಿರುವುದನ್ನು ಕಂಡರೆ ‘ಅನ್ಯಲೋಕದವರು!’ ಎಂದು ಕೂಗುವುದಿಲ್ಲ. ನಿದ್ರೆ ಮಾತ್ರೆ ಕೇಳುತ್ತಾರೆ. ತೀರಿಹೋದ ಹೆಂಡತಿ ಬಂದು ಮಾತಾಡಿದರೂ ಅಷ್ಟೇ. ಅವಳ ದನಿ, ಅವಳ ನಗು, ಎಲ್ಲವೂ ಗಂಡನ ನೆನಪಿನ ಉಗ್ರಾಣದಲ್ಲಿಯೇ ಇದ್ದ ಸರಕು. (ಸತ್ತ ಆಪ್ತರು ಮರಳಿ ಬರುವ ದಾರಿ ಈ ಬಗೆಯ ಕಥೆಗಳಲ್ಲಿ ಸವೆದು ಹೋಗಿದೆ. ಅದನ್ನು ಮೊದಲ ದಿನವೇ ಕೈಬಿಟ್ಟೆ.) ಕಂಡದ್ದರಿಂದ ಏನೂ ಸಾಬೀತಾಗದಿದ್ದರೆ ಇನ್ನೊಂದು ಬುದ್ಧಿಯ ಗುರುತು ಎಲ್ಲಿ? ಯಾವಾಗ ಕಂಡಿತು ಎಂಬುದರಲ್ಲಿ ಎಂದು ನಿರ್ಧರಿಸಿದೆ. ನಾಲ್ವರಿಗೆ ನಾಲ್ಕು ಬಗೆಯ ಭ್ರಮೆ, ಆದರೆ ಎಲ್ಲವೂ ಒಂದೇ ಗಳಿಗೆಯಲ್ಲಿ, ಒಂದೇ ಲಯದಲ್ಲಿ.

ಈ ಲಯಕ್ಕೆ ತಕ್ಕ ಊರು ಬೇಕಿತ್ತು. ಶನಿಯ ಚಂದ್ರ ಎನ್ಸೆಲಾಡಸ್ ಒದಗಿ ಬಂದ. ಅಡ್ಡಳತೆ ಕೇವಲ 500 ಕಿಲೋಮೀಟರ್, ಮೇಲೆ ಮಂಜುಗಡ್ಡೆಯ ಚಿಪ್ಪು, ಒಳಗೆ ಉಪ್ಪುನೀರಿನ ಸಾಗರ. ದಕ್ಷಿಣ ಧ್ರುವದ ಸೀಳುಗಳಿಂದ ಆವಿ ಮತ್ತು ಹಿಮಕಣಗಳು ಚಿಮ್ಮುವುದನ್ನು ಕಸೀನಿ ನೌಕೆ 2005ರಲ್ಲಿ ಕಂಡುಹಿಡಿಯಿತು. ಎನ್ಸೆಲಾಡಸ್ ಶನಿಯನ್ನು ಸುಮಾರು 33 ಗಂಟೆಗೊಮ್ಮೆ ಸುತ್ತುತ್ತದೆ. ಶನಿಯಿಂದ ಅತಿ ದೂರವಿದ್ದಾಗ ಆ ಚಿಲುಮೆಗಳು ಅತಿ ಹೆಚ್ಚು ಉಕ್ಕುತ್ತವೆ. ನಿದ್ರೆಗೆಟ್ಟವನ ಮಿದುಳು ದಾರಿ ತಪ್ಪುವುದು ಭೂಮಿಯಿಂದ ಹೊತ್ತು ತಂದ 24 ಗಂಟೆಯ ದೇಹದ ಗಡಿಯಾರಕ್ಕೆ ತಕ್ಕಂತೆ. ನಾಟಕದ ಭ್ರಮೆಗಳು ಮರುಕಳಿಸುವುದು 33 ಗಂಟೆಗೊಮ್ಮೆ. ನೌಕೆಯ ವೈದ್ಯೆ ತನ್ನ ದಿನಚರಿಯಲ್ಲಿ ಇದನ್ನು ಗಮನಿಸುವಲ್ಲಿ ಮೊದಲ ಅಂಕ ಮುಗಿಯುತ್ತದೆ.

ಸಾಗರದೊಳಗಿನ ಆ ಬುದ್ಧಿ ಮನುಷ್ಯನ ತಲೆಯನ್ನು ತಲುಪುವುದು ಹೇಗೆ? ಬದಲಾಗುತ್ತಿರುವ ಕಾಂತಕ್ಷೇತ್ರದೊಳಗೆ ತಲೆ ಇಟ್ಟರೆ ಬೆಳಕಿನ ಮಿನುಗು ಕಾಣುತ್ತದೆಂದು 1896ರಲ್ಲಿಯೇ ಫ್ರಾನ್ಸಿನ ವಿಜ್ಞಾನಿ ದಾರ್ಸೋನ್ವಾಲ್ ತೋರಿಸಿದ್ದರು. ಆದರೆ ಕಾಣುವುದು ಮಿನುಗು ಮಾತ್ರ, ಮುಖವಲ್ಲ. ಉಳಿದದ್ದನ್ನು ಮಿದುಳಿಗೇ ವಹಿಸಿದೆ. ಪಿಂಗ್‌ಪಾಂಗ್ ಚೆಂಡಿನ ಹೋಳುಗಳಿಂದ ಕಣ್ಣು ಮುಚ್ಚಿ, ಕಿವಿಗೆ ಏರಿಳಿತವಿಲ್ಲದ ಒಂದೇ ಸದ್ದು ಕೊಡುವ ಪ್ರಯೋಗಗಳಲ್ಲಿ ಕೆಲವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಚಿತ್ರಗಳು ಕಾಣತೊಡಗುತ್ತವೆ. ಖಾಲಿ ಜಾಗ ಕೊಟ್ಟರೆ ಮಿದುಳು ತಾನಾಗಿಯೇ ತುಂಬಿಕೊಳ್ಳುತ್ತದೆ. ನನ್ನ ಅನ್ಯಲೋಕದ ಬುದ್ಧಿ ಕಳಿಸುವುದು ಬರಿಯ ಮಿಡಿತ. ಅದಕ್ಕೆ ಬಟ್ಟೆ ತೊಡಿಸುವುದು ಪ್ರತಿಯೊಬ್ಬರ ಸ್ವಂತ ನೆನಪು. ನಿಜಕ್ಕೂ ಅಷ್ಟು ಬಲದ ಕಾಂತಕ್ಷೇತ್ರವಿದ್ದರೆ ನೌಕೆಯ ಉಪಕರಣಗಳೇ ಬೊಬ್ಬೆ ಹೊಡೆಯುತ್ತವೆ. ಅದಕ್ಕೆಂದೇ ಆ ಸಂಪರ್ಕದ ವಿವರವನ್ನು ನಾಟಕದಲ್ಲಿ ಯಾರ ಬಾಯಿಂದಲೂ ಹೇಳಿಸಲಿಲ್ಲ. ವೈಜ್ಞಾನಿಕ ಕಥೆಯಲ್ಲಿ ಒಂದು ಸುಳ್ಳಿಗೆ ಅವಕಾಶವಿರಬೇಕು, ಎರಡನೆಯದಕ್ಕೆ ಇರಬಾರದು ಎನ್ನುವ ಪಂಗಡ ನನ್ನದು.

ಧ್ವನಿಮುದ್ರಣದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಹೆಜ್ಜೆ ಸಪ್ಪಳ. ಎನ್ಸೆಲಾಡಸ್‌ನ ಗುರುತ್ವ ಭೂಮಿಯದರ ಎಂಬತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲಿ ನಡೆಯಲು ಆಗುವುದಿಲ್ಲ. ಹಿಡಿಕೆ ಹಿಡಿದು ತೇಲಬೇಕು. ಬಾನುಲಿ ನಾಟಕದಲ್ಲಿ ಪಾತ್ರ ಬಂತು, ಹೋಯಿತು ಎಂದು ತಿಳಿಸುವುದೇ ಹೆಜ್ಜೆ ಸದ್ದು. ಅದೇ ಇಲ್ಲದಿದ್ದರೆ ಹೇಗೆ ಎಂದು ನಟರು ತಲೆ ಕೆಡಿಸಿಕೊಂಡರು. ನಿಜವಾದ ಪಾತ್ರಗಳಿಗೆ ಬಟ್ಟೆ ಉಜ್ಜುವ ಸದ್ದು, ಹಿಡಿಕೆಗೆ ಕೈ ತಾಗುವ ಸದ್ದು ಮಾತ್ರ ಇಟ್ಟೆವು. ಭ್ರಮೆಯ ಪಾತ್ರಗಳು ಹವಾಯಿ ಚಪ್ಪಲಿ ಸದ್ದು ಮಾಡುತ್ತ ಗಟ್ಟಿ ನೆಲದ ಮೇಲೆ ನಡೆದು ಬಂದವು. ನೆನಪಿನ ಮನುಷ್ಯರಿಗೆ ಇನ್ನೂ ಭೂಮಿಯ ತೂಕವೇ ಇರುತ್ತದಲ್ಲ! ಇದನ್ನು ನಾಟಕದಲ್ಲಿ ಯಾರೂ ವಿವರಿಸುವುದಿಲ್ಲ. ಕಿವಿ ಚುರುಕಾಗಿದ್ದವರು ಹಿಡಿದರು.

ಯಾರೋ ಹತ್ತಿರ ಇದ್ದಾರೆ ಎಂಬ ಬರಿಯ ಅನಿಸಿಕೆಗೆ ಸದ್ದೇ ಇಲ್ಲ. ಅದನ್ನು ಕೇಳಿಸುವುದು ಹೇಗೆ? ಎಂಜಿನಿಯರ್ ಪಾತ್ರದ ನಟನ ಪಕ್ಕದಲ್ಲಿ ಇನ್ನೊಬ್ಬರನ್ನು ಸುಮ್ಮನೆ ನಿಲ್ಲಿಸಿದೆ. ಮಾತಿನ ನಡುವೆ ನಟ ತನಗರಿವಿಲ್ಲದೆ ಅವರ ಕಡೆ ವಾಲುತ್ತಿದ್ದ, ದನಿ ಮೈಕಿನಿಂದ ಕೂದಲೆಳೆಯಷ್ಟು ಸರಿಯುತ್ತಿತ್ತು. ಯಂತ್ರದಲ್ಲಿ ಪ್ರತಿಧ್ವನಿ ಸೇರಿಸಿದ್ದರೆ ಆ ಪರಿಣಾಮ ಬರುತ್ತಿರಲಿಲ್ಲ.

ವೈದ್ಯೆಗೆ ಕೇಳಿಸುವುದು ಕುಕ್ಕರ್ ಕೂಗು. ಪಾತ್ರ ವಹಿಸಿದ ನಿವೃತ್ತ ಶಿಕ್ಷಕಿ, ‘ಗಗನನೌಕೆಯಲ್ಲಿ ಕುಕ್ಕರೇ? ಜನ ನಗುವುದಿಲ್ಲವೇ?’ ಎಂದರು. ನಗಲಿ ಎಂದೇ ಇಟ್ಟದ್ದು. ನಮ್ಮ ಮನೆಗಳಲ್ಲಿ ಆ ಕೂಗನ್ನು ಎಣಿಸದೆ ಬಿಡುವವರು ಯಾರೂ ಇಲ್ಲ. ವೈದ್ಯೆಯೂ ಅಭ್ಯಾಸಬಲದಿಂದ ಎಣಿಸುತ್ತಾಳೆ: ಮೂರು ಕೂಗು, ಒಂದು ವಿರಾಮ, ಮತ್ತೆ ನಾಲ್ಕು. ಅದೇ ಹೊತ್ತಿನಲ್ಲಿ ಎಂಜಿನಿಯರನ ಹಿಂದೆ ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಭೂವಿಜ್ಞಾನಿಗೆ ಮೂರು ಮಿಂಚು, ನಾಲ್ಕು ಮಿಂಚು. ಕ್ಯಾಪ್ಟನ್ ಮಾತ್ರ ತನಗೇನೂ ಆಗುತ್ತಿಲ್ಲ ಎನ್ನುತ್ತಾನೆ, ಆದರೆ ಅವನ ಬೆರಳು ಮೇಜಿನ ಮೇಲೆ ಅದನ್ನೇ ಬಡಿಯುತ್ತಿರುತ್ತದೆ. ಈ ಲೆಕ್ಕ ಮೃದಂಗ ವಾದಕರ ಕೊಡುಗೆ. ‘ಮಿಶ್ರಛಾಪು ತಾಳ ಇಡಿ ಸಾರ್. ಏಳರ ನಡಿಗೆ ಯಾರಿಗೂ ತಾನಾಗಿ ಬರುವುದಿಲ್ಲ, ಯಾರೋ ಹಾಕಿದಂತೆಯೇ ಕೇಳಿಸುತ್ತದೆ’ ಎಂದರು.

ಇಷ್ಟಾದರೂ ಬುದ್ಧಿ ಸಾಬೀತಾಗಲಿಲ್ಲ. ಚಿಲುಮೆ ಉಕ್ಕುವ ಹೊತ್ತಿಗೆ ಸರಿಯಾಗಿ ಮಿಡಿಯುವುದು ಉಬ್ಬರವಿಳಿತದಷ್ಟೇ ಜಡ ಸಂಗತಿ ಇರಬಹುದು. ಅದು ಉತ್ತರ ಕೊಡಬೇಕು. ಮಂಜುಗಡ್ಡೆಯ ದಪ್ಪ ಅಳೆಯಲು ತಂದ ಸುತ್ತಿಗೆ ಯಂತ್ರದಿಂದ ವೈದ್ಯೆ ನೆಲಕ್ಕೆ ಮೂರು, ಐದು, ಏಳು ಪೆಟ್ಟು ಹಾಕಿಸುತ್ತಾಳೆ. ಅದೇ ಮೂರು, ಐದು, ಏಳು ಮರಳಿ ಬಂದರೆ ಪ್ರತಿಧ್ವನಿ. ಮುಂದಿನ ಸಂಖ್ಯೆ ಬಂದರೆ?

ಅಷ್ಟರಲ್ಲಿ ಭೂಮಿಯ ಆದೇಶ ಬರುತ್ತದೆ. ಶನಿಯಿಂದ ರೇಡಿಯೊ ಮಾತು ಇಲ್ಲಿಗೆ ತಲುಪಲು ಸುಮಾರು 80 ನಿಮಿಷ, ಉತ್ತರಕ್ಕೆ ಮತ್ತೆ ಅಷ್ಟೇ. ಹಾಗಾಗಿ ಭೂಮಿಯ ಪಾತ್ರಗಳು ಯಾವಾಗಲೂ ಹಳೆಯ ಸಮಸ್ಯೆಗೆ ಪರಿಹಾರ ಹೇಳುತ್ತಿರುತ್ತವೆ. ಎಲ್ಲರೂ ಔಷಧ ತೆಗೆದುಕೊಳ್ಳಬೇಕು ಎಂಬುದು ಆದೇಶ. ಔಷಧ ಕೆಲಸ ಮಾಡುತ್ತದೆ, ಭ್ರಮೆ ನಿಲ್ಲುತ್ತದೆ, ಜೊತೆಗೆ ಉತ್ತರ ಕೇಳುವ ಕಿವಿಯೂ ಮುಚ್ಚುತ್ತದೆ. ಯಾರೊಬ್ಬರು ಮಾತ್ರೆ ನುಂಗದೆ ಉಳಿಯಬೇಕು? ‘ಡಾಕ್ಟರೇ, ನೀವೇ ರೋಗಿಯಾದರೆ ನಮ್ಮನ್ನು ನೋಡುವವರು ಯಾರು?’ ಎಂದು ಕ್ಯಾಪ್ಟನ್ ಕೇಳುವ ದೃಶ್ಯವನ್ನು ನಾನು ಅತಿ ಹೆಚ್ಚು ತಿದ್ದಿದೆ. ಕೊನೆಗೆ ಮಾತ್ರೆ ಬಿಡುವವನು, ತನಗೇನೂ ಆಗುತ್ತಿಲ್ಲ ಎನ್ನುತ್ತಿದ್ದ ಆ ಕ್ಯಾಪ್ಟನ್ನೇ.

ಬರಬೇಕಾದ ಸಂಖ್ಯೆ ಯಾವುದು ಎಂಬುದಕ್ಕೆ ತಂಡದಲ್ಲಿ ಜಗಳವೇ ಆಯಿತು. ಮೃದಂಗದವರು ಒಂಬತ್ತು ಎಂದರು, ಅವರಿಗೆ ಏಳರ ನಂತರ ತಾಳದ ಲೆಕ್ಕದಲ್ಲಿ ಒಂಬತ್ತೆಣಿಕೆಯ ಸಂಕೀರ್ಣ ಜಾತಿಯೇ ಬರಬೇಕು. ಧ್ವನಿ ಜೋಡಣೆ ಮಾಡುವ ಗಣಿತದ ಮೇಷ್ಟ್ರು, ಮೂರು, ಐದು, ಏಳು ಅವಿಭಾಜ್ಯ ಸಂಖ್ಯೆಗಳು, ಹನ್ನೊಂದೇ ಬರಬೇಕು ಎಂದು ಹಟ ಹಿಡಿದರು. ನಾನು ಒಂಬತ್ತು ಇಟ್ಟು, ಹನ್ನೊಂದರ ವಾದವನ್ನು ಎಂಜಿನಿಯರನ ಬಾಯಿಗೆ ಹಾಕಿದೆ. ಮೇಷ್ಟ್ರು ಇಂದಿಗೂ ಒಪ್ಪಿಲ್ಲ. ಒಂಬತ್ತು ಎಂದ ಮಾತ್ರಕ್ಕೆ ಅದಕ್ಕೆ ಬುದ್ಧಿ ಇದೆ ಎಂದು ಹೇಗೆ ಹೇಳುತ್ತೀರಿ ಎಂದು ಸಿಕ್ಕಾಗಲೆಲ್ಲ ಕೇಳುತ್ತಾರೆ.