ರೂಟರ್‌ಗೆ ಹಾರ್ಡ್ ಡಿಸ್ಕ್ ಜೋಡಿಸಿ ಮನೆಮಂದಿಗೆಲ್ಲ ಕಡತ ಹಂಚುವ ವಿಧಾನ

ಮನೆಯ ವೈಫೈ ರೂಟರ್‌ನಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ, ಅದಕ್ಕೊಂದು ಹಾರ್ಡ್ ಡಿಸ್ಕ್ ಜೋಡಿಸಿ ಮನೆಯ ಎಲ್ಲ ಲ್ಯಾಪ್‌ಟಾಪ್, ಮೊಬೈಲ್ ಮತ್ತು ಟಿವಿಗಳಿಗೆ ಸಾಮಾನ್ಯವಾದ ಕಡತ ಸರ್ವರ್ ಮಾಡಿಕೊಳ್ಳಬಹುದು. ಕೆಲವು ರೂಟರ್‌ಗಳಲ್ಲಿ ಆ ಪೋರ್ಟ್ ಇಂಟರ್‌ನೆಟ್ ಡಾಂಗಲ್‌ಗೆ ಮಾತ್ರ ಮೀಸಲಾಗಿರುವುದರಿಂದ, ಮೊದಲು ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆದು, ನಿರ್ವಹಣಾ ಪುಟದಲ್ಲಿ ಯುಎಸ್‌ಬಿ ಸ್ಟೋರೇಜ್, ಫೈಲ್ ಶೇರಿಂಗ್ ಅಥವಾ ಸಾಂಬಾ (ಕಡತ ಹಂಚುವ ತಂತ್ರಾಂಶ) ಎಂಬ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಿ.

ಈ ಏರ್ಪಾಡು ಹೆಚ್ಚಾಗಿ ಕೆಡುವುದು ವಿದ್ಯುತ್ತಿನ ವಿಷಯದಲ್ಲಿ. ಯುಎಸ್‌ಬಿ 2.0 ಮಾನದಂಡದ ಪ್ರಕಾರ ಪೋರ್ಟ್ 500 ಮಿಲಿಆಂಪಿಯರ್, 3.0 ಆದರೆ 900 ಮಿಲಿಆಂಪಿಯರ್ ಕೊಡುತ್ತದೆ. ತಿರುಗುವ ಡಿಸ್ಕ್‌ಗಳು ಚಾಲೂ ಆಗುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಕೇಳುವುದುಂಟು. ಡಿಸ್ಕ್ ಪದೇ ಪದೇ ಕಾಣೆಯಾಗುತ್ತಿದ್ದರೆ ಸ್ವಂತ ಅಡಾಪ್ಟರ್ ಇರುವ ಡಿಸ್ಕ್ ಅಥವಾ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸಿ. ಕರೆಂಟ್ ಹೋಗುವ ಊರುಗಳಲ್ಲಿ ಇನ್ನೊಂದು ತೊಡಕಿದೆ: ರೂಟರ್‌ಗೆ ಮಾತ್ರ ಪುಟ್ಟ ಯುಪಿಎಸ್ ಹಾಕಿ, ಡಿಸ್ಕಿನ ಅಡಾಪ್ಟರನ್ನು ಗೋಡೆಯ ಸಾಕೆಟ್ಟಿಗೇ ಚುಚ್ಚಿದ್ದರೆ, ರೂಟರ್ ಬರೆಯುತ್ತಿರುವಾಗಲೇ ಡಿಸ್ಕ್ ನಿಂತುಹೋಗಿ ಕಡತಗಳು ಹಾಳಾಗಬಹುದು. ಎರಡಕ್ಕೂ ಒಂದೇ ಯುಪಿಎಸ್ ಅಥವಾ ಇನ್ವರ್ಟರ್ ಆಸರೆ ಇರಲಿ.

ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಯುವುದರಿಂದ ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಫ್ಯಾಟ್32 ಎಂಬ ಫಾರ್ಮ್ಯಾಟ್ ವಿಧಾನದಲ್ಲಿ 4 ಜಿಬಿ ಮೀರಿದ ಕಡತ ಹಿಡಿಸುವುದಿಲ್ಲ. ಡಿಸ್ಕನ್ನು ಆಗಾಗ ಕಳಚಿ ವಿಂಡೋಸ್ ಕಂಪ್ಯೂಟರಿಗೆ ಹಾಕುವವರಿಗೆ ಎನ್‌ಟಿಎಫ್‌ಎಸ್ ವಿಧಾನ ಅನುಕೂಲ. ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ ಹಾಕಿಕೊಂಡವರಿಗೆ ಲಿನಕ್ಸ್‌ನ ಎಕ್ಸ್ಟ್4 ವಿಧಾನ ಒಳ್ಳೆಯದು.

ಇನ್ನು ಸೆಟ್ಟಿಂಗ್. ನಿರ್ವಹಣಾ ಪುಟದಲ್ಲಿ ಸಾಂಬಾ ಚಾಲೂ ಮಾಡಿ, ಹಂಚಬೇಕಾದ ಫೋಲ್ಡರ್ ಆರಿಸಿ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಹೊಸ ವಿಂಡೋಸ್ ಆವೃತ್ತಿಗಳು ಹಲವು ಸಂದರ್ಭಗಳಲ್ಲಿ ತಡೆಯುತ್ತವೆ; ಅದು ಸರಿಯೂ ಹೌದು. ಹಳೆಯ ರೂಟರ್‌ಗಳು ಕೆಲವೊಮ್ಮೆ ಕಡತ ಹಂಚಿಕೆಯ ಎಸ್‌ಎಂಬಿ 1 ಎಂಬ ಹಳೆಯ ಪ್ರೋಟೋಕಾಲನ್ನು ಮಾತ್ರ ಬಲ್ಲವು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಕುತಂತ್ರಾಂಶ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕವೇ. ಆದುದರಿಂದ ವಿಂಡೋಸ್‌ನಲ್ಲಿ ಅದನ್ನು ಮತ್ತೆ ಚಾಲೂ ಮಾಡಿ ಕೆಲಸ ಸಾಗಿಸುವ ಬದಲು ರೂಟರ್‌ನ ಫರ್ಮ್‌ವೇರ್ (ಅದರೊಳಗಿನ ಮೂಲ ತಂತ್ರಾಂಶ) ನವೀಕರಿಸುವುದೇ ಲೇಸು.

ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ ಎರಡು ಹಿಂಬದಿ ಓರೆಗೆರೆ ಹಾಕಿ ರೂಟರ್‌ನ ಐಪಿ ವಿಳಾಸ ಬರೆದರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ಮುಂದೆ ಸುಲಭವಾಗಲೆಂದು ಅದನ್ನು ನೆಟ್‌ವರ್ಕ್ ಡ್ರೈವ್ ಆಗಿ ಮ್ಯಾಪ್ ಮಾಡಿಕೊಳ್ಳಿ. ಮ್ಯಾಕ್‌ನಲ್ಲಿ ಫೈಂಡರ್‌ನ ಗೋ ಮೆನುವಿನಲ್ಲಿರುವ ಕನೆಕ್ಟ್ ಟು ಸರ್ವರ್ ಆಯ್ಕೆಯಿದೆ. ಮೊಬೈಲ್ ಮತ್ತು ಟಿವಿಗಳಲ್ಲಿ ವಿಎಲ್‌ಸಿ ಆ್ಯಪ್ ಇದ್ದರೆ ವಿಡಿಯೊ ನೋಡಲು ಸಾಕು.

ವೇಗದ ಬಗ್ಗೆ ಹೆಚ್ಚಿನ ನಿರೀಕ್ಷೆ ಬೇಡ. ರೂಟರ್‌ನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದಾದರೆ ಕೇಬಲ್ ಮೂಲಕವೂ ಸೆಕೆಂಡಿಗೆ ಸುಮಾರು 12 ಮೆಗಾಬೈಟ್‌ಗಿಂತ ಹೆಚ್ಚು ಸಾಗದು. ಗಿಗಾಬಿಟ್ ಪೋರ್ಟ್ ಇದ್ದರೂ ರೂಟರ್‌ನ ಪುಟ್ಟ ಪ್ರೊಸೆಸರ್ ಹಲವು ಬಾರಿ ಅಡ್ಡಬರುತ್ತದೆ. ಡಿಸ್ಕ್ ಜೋಡಿಸಿದ ಮೇಲೆ 2.4 ಗಿಗಾಹರ್ಟ್ಸ್ ವೈಫೈ ದುರ್ಬಲವಾಯಿತೆನ್ನಿಸಿದರೆ ಯುಎಸ್‌ಬಿ 3.0 ಹೊಮ್ಮಿಸುವ ರೇಡಿಯೊ ಗದ್ದಲ ಕಾರಣವಿರಬಹುದು. ಒಳ್ಳೆಯ ಕವಚವಿರುವ ಕೇಬಲ್ ಬಳಸಿ ಡಿಸ್ಕನ್ನು ತುಸು ದೂರವಿಡಿ.

ಹೊರಗಿನಿಂದಲೂ ಕಡತ ಬೇಕೆನಿಸಿದಾಗ ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ಇಂಟರ್‌ನೆಟ್‌ಗೆ ಎಂದಿಗೂ ತೆರೆಯಬೇಡಿ. ರೂಟರ್‌ನಲ್ಲಿ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಗೂಢಲಿಪಿಯ ಸುರಕ್ಷಿತ ಸಂಪರ್ಕ) ಸೌಲಭ್ಯವಿದ್ದರೆ ಅದನ್ನೇ ಬಳಸಿ. ಡಿಸ್ಕ್ ಕಳಚುವ ಮುನ್ನ ನಿರ್ವಹಣಾ ಪುಟದಲ್ಲಿ ಸುರಕ್ಷಿತವಾಗಿ ತೆಗೆಯುವ ಗುಂಡಿ ಒತ್ತಿ. ಮದುವೆಯ ಫೋಟೊ, ಜಮೀನಿನ ಪತ್ರಗಳಂಥವುಗಳ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿರಲಿ, ಆ ಡಿಸ್ಕ್ ರೂಟರ್‌ಗೆ ಜೋಡಿಸಿರದೆ ಬೀರುವಿನಲ್ಲಿರಲಿ.