ಚಿಲ್ರೆದಾಗ ನಾಣ್ಯ ಹುಡುಕವ್ರಿಗೆ

ಚಿಲ್ರೆದಾಗ ನಾಣ್ಯ ಹುಡುಕೋ ಚಟ ಇದ್ದವ್ರು ಮೊದಲ ಇಸವಿ ಕೆಳಗ ನೋಡ್ರಿ. ವಜ್ರದ ಆಕಾರ ಇದ್ರ ಮುಂಬೈ ಟಂಕಸಾಲಿ (ನಾಣ್ಯ ತಯಾರ್ ಮಾಡೋ ಜಾಗ), ನಕ್ಷತ್ರ ಇದ್ರ ಹೈದರಾಬಾದ್, ದುಂಡನ ಚುಕ್ಕಿ ಇದ್ರ ನೋಯ್ಡಾ, ಏನೂ ಇಲ್ಲಂದ್ರ ಕೋಲ್ಕತಾ. ತ್ರಾಸ ಏನಂದ್ರ, ಸವೆದ ನಾಣ್ಯದಾಗ ಚುಕ್ಕಿ ಯಾವ್ದು, ವಜ್ರ ಯಾವ್ದು ತಿಳಿಯಂಗಿಲ್ಲ. ಬೆಳಕು ಮ್ಯಾಲಿಂದ ಬ್ಯಾಡ, ಬಾಜೂದಿಂದ ಬೀಳೋ ಹಂಗ ಹಿಡಿದು ಮೊಬೈಲ್ ಕ್ಯಾಮೆರಾ ಜೂಮ್ ಮಾಡ್ರಿ, ಗುರುತು ಎದ್ದು ಕಾಣ್ತೈತಿ.

ಈಗಂತೂ ಎಲ್ಲಾರೂ ಫೋನ್‌ದಾಗ ರೊಕ್ಕ ಹಾಕೋದ್ರಿಂದ ಕೈಗೆ ಚಿಲ್ರೆನ ಬರಂಗಿಲ್ಲ. ಹುಬ್ಬಳ್ಳಿ ದುರ್ಗದ ಬೈಲ್‌ನ್ಯಾಗ ಸಂಜಿ ಗದ್ದಲದಾಗ ಒಂದೊಂದ ತಿರುವಿ ನೋಡಕೋತ ನಿಂತ್ರ ಹಿಂದಿನವ್ರು ಬೈತಾರ, ಅದೂ ಖರೇನ. ಮುಂಜಾನೆ ಅಂಗಡಿಗೆ ಹೋಗಿ ನೋಟು ಕೊಟ್ಟು, "ಕಾಕಾ, ಹತ್ತರ ನಾಣ್ಯ ಇದ್ರ ಕೊಡ್ರಿ" ಅನ್ರಿ. ಹತ್ತರ ನಾಣ್ಯ ನಡ್ಯಂಗಿಲ್ಲ ಅಂತ ತಪ್ಪು ತಿಳಕೊಂಡವ್ರು ಇನ್ನೂ ಅದಾರ, ಖುಷಿಲೆ ಕೊಡ್ತಾರ. ಖರೇ ಅಂದ್ರ ಹತ್ತರ ನಾಣ್ಯದಾಗ 14 ನಮೂನಿ ಅದಾವು, ಎಲ್ಲಾನೂ ಚಾಲ್ತಿ ಅಂತ ರಿಸರ್ವ್ ಬ್ಯಾಂಕ್ 2018ರಾಗ ಹೇಳೈತಿ.

ಸಿಕ್ಕ ನಾಣ್ಯ ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ, ತಿಕ್ಕಿದ್ದಕ್ಕ ಸಂಗ್ರಹ ಮಾಡವ್ರು ಬೆಲಿ ಕೊಡಂಗಿಲ್ಲ. ಮತ್ತ ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕ ಲಕ್ಷ ಕೊಡ್ತೀವಿ, ಮೊದಲ ಫೀ ಕಳಸ್ರಿ ಅಂತ ಯಾರರ ಫೋನ್ ಮಾಡಿದ್ರ ಕಟ್ ಮಾಡಿಬಿಡ್ರಿ.